ಜೊಲ್ಲಿನಲ್ಲಿ ಸಿಗುವ ಸುಳಿವು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಪ್ಪದಂಥ ಕಬ್ಬಿನ ಸೀಮೆಯಲ್ಲಿ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು ಇಂದಿಗೂ ಇದ್ದಾರೆ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಆದರೆ ಆಮೇಲೆ ಪಾನ್ ಮಸಾಲ, ತಂಬಾಕು ಬೇರೆ ಬೇರೆ ಪೊಟ್ಟಣಗಳಲ್ಲಿ ಬಂದು ಬಾಯಲ್ಲಿ ಒಂದಾದವು.

ಅಡಿಕೆ, ಸುಣ್ಣ, ತಂಬಾಕು ಕೂಡಿದಾಗ ಆಮ್ಲಜನಕದ ಉಗ್ರ ಕಣಗಳು ಹುಟ್ಟಿ ಜೀವಕೋಶದ ಕೊಬ್ಬನ್ನೂ ಡಿಎನ್‌ಎಯನ್ನೂ ಘಾಸಿಗೊಳಿಸುತ್ತವೆ. ಕೊಬ್ಬು ಕೆಟ್ಟಾಗ ಉಳಿಯುವ ಮ್ಯಾಲಾನ್‌ಡಿಆಲ್ಡಿಹೈಡ್ ಎಂಬ ವಸ್ತು ಬಾಯಿ ಕ್ಯಾನ್ಸರ್ ರೋಗಿಗಳ ಜೊಲ್ಲಿನಲ್ಲಿ ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಜೊಲ್ಲನ್ನು ಪರೀಕ್ಷಿಸಲು ಸೂಜಿ ಬೇಡ, ರಕ್ತ ಬೇಡ. ಹಳ್ಳಿಗೆ ಹೇಳಿ ಮಾಡಿಸಿದಂಥ ಪರೀಕ್ಷೆ. ಆದರೆ ವಸಡು ಊದಿದರೂ, ಬೀಡಿ ಸೇದಿದರೂ ಅದೇ ವಸ್ತು ಏರುತ್ತದೆ. ಹಾಗಾಗಿ ಇದು ಸುಳಿವು ಮಾತ್ರ, ರೋಗ ಖಚಿತವಾಗುವುದು ಬಯಾಪ್ಸಿಯಿಂದಲೇ.

ಆ ಪರೀಕ್ಷೆ ಪಕ್ವವಾಗುವವರೆಗೆ ಕಾಯಬೇಕಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ್ದರಿಂದ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತೆಂದು 2005ರಲ್ಲಿ ವರದಿಯಾಯಿತು. ಮಂಡ್ಯ ಜಿಲ್ಲೆಯ ಆಶಾ ಕಾರ್ಯಕರ್ತೆಯರಿಗೂ ಆ ತರಬೇತಿ, ಒಂದೊಂದು ಟಾರ್ಚು ಕೊಡಿ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲಾಗದ ಬಿಗಿತ ಕಂಡವರನ್ನು ಕಬ್ಬು ಕಟಾವು ಮುಗಿಯುವವರೆಗೂ ಕಾಯಿಸದೆ ದಂತವೈದ್ಯರ ಬಳಿಗೆ ಕಳಿಸಲಿ.