ಸಂಕಟಕ್ಕೆ ಗ್ಯಾಸಿನ ಮಾತ್ರೆ ಸಾಕೇ?

ಮಳೆ ನಂಬಿ ಬದುಕುವ ನಮ್ಮ ಕಡೆ ಮನಸ್ಸಿನ ಕಾಯಿಲೆ ಅಂದರೆ ಹುಚ್ಚು ಅಂತಲೇ ಲೆಕ್ಕ. ಹಾಗಾಗಿ 'ನನ್ನ ಮನಸ್ಸು ಸರಿಯಿಲ್ಲ' ಅಂತ ಯಾರೂ ಬಾಯಿಬಿಡೋದಿಲ್ಲ. ಗಂಡಸರು ಎದೆಯುರಿ, ಗ್ಯಾಸು ಅಂತಾರೆ. ಹೆಂಗಸರು ಕೈಕಾಲು ಸೆಳೆತ, ತಲೆಸುತ್ತು ಅಂತಾರೆ. ಹಿರಿಯರು ದೃಷ್ಟಿ ತೆಗೀತಾರೆ. ಎದೆನೋವನ್ನು ಡಾಕ್ಟರಿಗೆ ತೋರಿಸಲೇಬೇಕು, ನಿಜ. ಆದರೆ ಪರೀಕ್ಷೆಯಲ್ಲಿ ಏನೂ ಇಲ್ಲ ಅಂದ ಮೇಲೂ ಮಾತ್ರೆ ನುಂಗುತ್ತಾ ಕೂತರೆ ಒಳಗಿನ ಸಂಕಟ ಹಾಗೇ ಉಳೀತದೆ.

ಎಲ್ಲ ಕಳವಳವೂ ಕಾಯಿಲೆಯಲ್ಲ. ಶೇಂಗಾ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ನನಗೂ ನಿದ್ದೆ ಹತ್ತೋದಿಲ್ಲ. ಅಂಗಳಕ್ಕೆ ಬಂದು ಮೋಡ ನೋಡ್ತೀನಿ. ಅಷ್ಟು ಕಳವಳ ರೈತನಿಗೆ ಬೇಕು. ಅದರಿಂದಲೇ ಬದು ಗಟ್ಟಿ ಮಾಡ್ತೀವಿ, ಅಕ್ಕಡಿ ಸಾಲಿಗೆ ತೊಗರಿ ಹಾಕ್ತೀವಿ, ನಾಲ್ಕು ಕುರಿ ಕಟ್ಟಿಕೊಳ್ತೀವಿ. ಒಂದು ಹದಮಳೆ ಬಿದ್ದರೆ ಅದು ಇಳಿದು ಹೋಗ್ತದೆ.

ಮಳೆ ಬಂದರೂ ಇಳಿಯದ ಕಳವಳ ಬೇರೆ. ಎರಡು ವಾರ ಕಳೆದರೂ ನಿದ್ದೆಯಿಲ್ಲ, ಊಟ ಸೇರೋದಿಲ್ಲ, ಎತ್ತಿಗೆ ಮೇವು ಹಾಕಲೂ ಮನಸ್ಸಿಲ್ಲ ಅಂದರೆ ಸುಮ್ಮನಿರಬಾರದು. 'ನಾನಿದ್ದು ಏನು ಪ್ರಯೋಜನ' ಅನ್ನೋ ಮಾತು ಬಂತೋ, ಆ ದಿನವೇ ಎಚ್ಚರವಾಗಬೇಕು. 'ಧೈರ್ಯ ತಗೋ' ಅಂದು ಎದ್ದುಹೋದರೆ ಸಾಲದು. ಸಾಲ ಎಷ್ಟು ಅಂತ ಕೇಳುವ ಮೊದಲು ರಾತ್ರಿ ನಿದ್ದೆ ಬರ್ತದಾ ಅಂತ ಕೇಳಿ. ಕೂತು ಕೇಳಿಸಿಕೊಳ್ಳಿ. ಆಮೇಲೆ ಜೊತೆಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ದೇಶದಲ್ಲಿ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಬಳ್ಳಾರಿ ಜಿಲ್ಲೆಯೇ. ಅದಕ್ಕೂ ಮೊದಲು ನಿಮ್ಹಾನ್ಸ್‌ನವರು ಅಲ್ಲಿ ಪ್ರಯೋಗ ಮಾಡಿದ್ದರು. ಬಳ್ಳಾರಿಯೂ ನಮ್ಮ ಹಾಗೆ ಒಣಭೂಮಿ. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಸಿಗ್ತದೆ. 2022ರ ಅಕ್ಟೋಬರಿನಿಂದ 'ಟೆಲಿ ಮಾನಸ್' ಫೋನ್ ಸೇವೆಯೂ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೊನೆಗೆ ಮುಖ್ಯವಾದ ಮಾತು. ನಮ್ಮ ಮನೆಗಳಲ್ಲಿ ಬೆಳೆಗೆ ಹೊಡೆಯೋ ಔಷಧಿಯ ಡಬ್ಬಿ ಮಂಚದ ಕೆಳಗೋ ಅಟ್ಟದ ಮೇಲೋ ಕೈಗೆ ಸಿಗುವಂತೆ ಇರ್ತದೆ. ಸಾಯುವ ಯೋಚನೆ ಬಹಳ ಸಲ ಒಂದು ಗಳಿಗೆಯದು, ಅದು ದಾಟಿದರೆ ಜೀವ ಉಳೀತದೆ. ಬೇಕಾದಷ್ಟೇ ತನ್ನಿ. ಉಳಿದದ್ದನ್ನು ಬೀಗ ಹಾಕಿಡಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಬಿತ್ತನೆ ಬೀಜವನ್ನು ಇಲಿ, ಹುಳದಿಂದ ಕಾಯುವ ನಾವು ಬಿತ್ತುವವನನ್ನೂ ಕಾಯಬೇಡವೇ?