ಇನ್‌ಸ್ಪೆಕ್ಷನ್ ದಿನ ಮಾತ್ರ ಓಡುವ ಮೆಷಿನ್ನು

ಪೀಣ್ಯದಲ್ಲಿ ನನ್ನ ಮೊದಲ ಕೆಲಸ. ಸೇರಿದ ವಾರವೇ ಶೆಡ್ಡಿನ ಹಿಂದೆ ನೀಲಿ ಟಾರ್ಪಾಲು ಹೊದ್ದು ಮಲಗಿದ್ದ ಯಂತ್ರವೊಂದು ಕಣ್ಣಿಗೆ ಬಿತ್ತು. ಸ್ಟೀಲ್ ಪೈಪು, ಎರಡು ಪಂಪು, ಸಾಲಾಗಿ ನಿಂತ ಮೆಂಬ್ರೇನ್ ಕೊಳವೆಗಳು. "ಇದೇನಣ್ಣ?" ಅಂತ ಅಲ್ಲಿದ್ದ ಆಪರೇಟರನ್ನ ಕೇಳಿದೆ. "ಯುಎಫ್ ಪ್ಲಾಂಟು ಸಾರ್. ಇನ್‌ಸ್ಪೆಕ್ಷನ್‌ಗೆ ಬರೋ ದಿನ ಆನ್ ಮಾಡ್ತೀವಿ" ಅಂದರು. ಹಬ್ಬಕ್ಕೆ ಅಟ್ಟದಿಂದ ಬೆಳ್ಳಿ ತಟ್ಟೆ ಇಳಿಸ್ತೀವಿ ಅನ್ನೋ ಧಾಟಿಯಲ್ಲಿ.

ವಿಷಯ ಇಷ್ಟು. ಲೇತು, ಸಿಎನ್‌ಸಿ, ಗ್ರೈಂಡಿಂಗ್ ಅಂತ ಲೋಹ ಕೊರೆಯುವ ಕಡೆಯಲ್ಲೆಲ್ಲ ಕೂಲಂಟ್ ಬೇಕು. ನೂರು ಲೀಟರ್ ನೀರಿಗೆ ಐದಾರು ಲೀಟರ್ ಕೂಲಂಟ್ ಎಣ್ಣೆ ಸುರಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಬಳಸ್ತಾ ಬಳಸ್ತಾ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತೆ. ಆಗ ಚೆಲ್ಲಬೇಕು. ಎಲ್ಲಿಗೆ? ಪ್ರಶ್ನೆ ಇರೋದೇ ಅಲ್ಲಿ.

ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯನ್ನು ಸೌಟಿನಲ್ಲಿ ತೆಗೀಬಹುದು. ಇದನ್ನು ಹಾಗೆ ತೆಗೆಯೋಕೆ ಆಗಲ್ಲ. ಸೋಪಿನಂಥ ರಾಸಾಯನಿಕ ಸೇರಿಸಿ ಎಣ್ಣೆಯನ್ನು ಮೈಕ್ರಾನ್ ಲೆಕ್ಕದ ಹನಿಗಳಾಗಿ ಒಡೆದಿರ್ತಾರೆ. ವಾರಗಟ್ಟಲೆ ಇಟ್ಟರೂ ಬೇರೆಯಾಗಲ್ಲ. ಸ್ಕಿಮ್ಮರ್‌ಗೆ ಸಿಗೋದು ತೇಲುವ ಎಣ್ಣೆ ಮಾತ್ರ. ಇಲ್ಲಿ ಅಲ್ಟ್ರಾಫಿಲ್ಟ್ರೇಶನ್ ಬೇಕು. ಅದರ ರಂಧ್ರಗಳು ಸುಮಾರು 0.01ರಿಂದ 0.1 ಮೈಕ್ರಾನ್. ಒತ್ತಡ ಕೊಟ್ಟರೆ ನೀರು ದಾಟುತ್ತೆ, ಎಣ್ಣೆಹನಿ ಈಚೆಗೇ ಉಳಿಯುತ್ತೆ. ಮೊನ್ನೆ ಬಂದ ಸ್ಟಾರ್ಟಪ್ ಐಡಿಯಾ ಅಲ್ಲ ಇದು, ದಶಕಗಳಷ್ಟು ಹಳೆಯದು.

ಮತ್ತೆ ಟಾರ್ಪಾಲು ಯಾಕೆ? "ಅಯ್ಯೋ, ಮೆಂಬ್ರೇನ್ ಮೂರೇ ತಿಂಗಳಿಗೆ ಕಟ್ಟಿಕೊಳ್ಳುತ್ತೆ ಕಣ್ರೀ, ನಮ್ಮ ದೇಶಕ್ಕೆ ಆಗಿಬರಲ್ಲ" ಅಂತಾರೆ. ಕಟ್ಟಿಕೊಳ್ಳುತ್ತೆ, ನಿಜ. ಎಣ್ಣೆ ಮೆಂಬ್ರೇನಿನ ಮೈಮೇಲೆ ಜಿಡ್ಡಿನ ಪದರ ಕಟ್ಟಿ ನೀರಿನ ಹರಿವು ಇಳಿಯೋದು ಅದರ ಸ್ವಭಾವ. ಅದಕ್ಕೇ ದ್ರವವನ್ನು ಮೆಂಬ್ರೇನಿಗೆ ಅಡ್ಡಲಾಗಿ ಜೋರಾಗಿ ಹರಿಸ್ತಾರೆ, ಜಿಡ್ಡು ಕೂರದ ಹಾಗೆ. ಮೊದಲೇ ಲೋಹದ ಚೂರು, ತೇಲುವ ಎಣ್ಣೆ ತೆಗೆದಿರಬೇಕು. ಆಗಾಗ ಬಿಸಿ ಕ್ಷಾರದ ನೀರಲ್ಲಿ ತೊಳೀಬೇಕು. ಅಡುಗೆಮನೆಯ ಚಿಮಣಿ ತಿಂಗಳಾನುಗಟ್ಟಲೆ ಒರೆಸದೆ ಬಿಟ್ಟು, ಚಿಮಣಿಯೇ ಸರಿಯಿಲ್ಲ ಅನ್ನೋರಿಗೂ ಇವರಿಗೂ ಏನು ವ್ಯತ್ಯಾಸ?

ಮೆಂಬ್ರೇನ್ ಸರ್ವರೋಗಕ್ಕೂ ಮದ್ದು ಅಂತ ನಾನೂ ಹೇಳಲ್ಲ. ನೀರಲ್ಲಿ ಕರಗಿದ ಕೆಲವು ರಾಸಾಯನಿಕ ಅದನ್ನೂ ದಾಟುತ್ತೆ, ಅದಕ್ಕೆ ಮುಂದೆ ಇನ್ನೊಂದು ಹಂತದ ಶುದ್ಧೀಕರಣ ಬೇಕು. ಈಚೆ ಉಳಿದ ಗಟ್ಟಿ ಎಣ್ಣೆ ಅಪಾಯಕಾರಿ ತ್ಯಾಜ್ಯ, ಅಧಿಕೃತ ಪರವಾನಗಿ ಇರೋರಿಗೇ ಕೊಡಬೇಕು. ಖರ್ಚಿದೆ. ಕರೆಂಟು, ಕೆಮಿಕಲ್ಲು, ಕೆಲಸ ಗೊತ್ತಿರೋ ಒಬ್ಬ ಆಪರೇಟರು. ನಮ್ಮ ಕಂಪನಿ ಲಕ್ಷಾಂತರ ರೂಪಾಯಿ ಕೊಟ್ಟು ಮೆಷಿನ್ ತಂತು, ಯಾಕಂದ್ರೆ ಪರ್ಮಿಷನ್‌ಗೆ ಬೇಕಿತ್ತು. ತೊಳೆಯೋ ಕಾಸ್ಟಿಕ್‌ಗೆ ಬಜೆಟ್ ಕೇಳಿದರೆ "ನೋಡೋಣ". ಆ ನೋಡೋಣ ನಾನು ಬಿಡೋ ತನಕ ನೋಡೋಣವಾಗೇ ಇತ್ತು.

ಕಾನೂನು ಇಲ್ವಾ ಅಂದ್ರೆ, ಇದೆ. ಹೊಳೆ-ಕೆರೆಗೆ ಬಿಡುವ ನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ದಾಟಬಾರದು, ಒಳಚರಂಡಿಗಾದರೆ 20. ಲೆಕ್ಕ ಹಾಕಿ: ಒಂದೇ ಒಂದು ಕಿಲೋ ಎಣ್ಣೆ ಒಂದು ಲಕ್ಷ ಲೀಟರ್ ಶುದ್ಧ ನೀರನ್ನು ಆ 10ರ ಗೆರೆಗೆ ತಂದು ನಿಲ್ಲಿಸಬಲ್ಲದು. ರಾತ್ರಿ ಪಾಳಿಯಲ್ಲಿ ಒಂದು ಡ್ರಮ್ಮು ಮೋರಿಗೆ ಸುರಿಯೋಕೆ ಎಷ್ಟು ಹೊತ್ತು ಬೇಕು? ಅದೇ ನೀರು ವೃಷಭಾವತಿ ಸೇರುತ್ತೆ. ಅಲ್ಲಿಂದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಬೈರಮಂಗಲದ ಸುತ್ತ ಅದೇ ನೀರಲ್ಲಿ ಮೇವು, ಬೇಬಿ ಕಾರ್ನ್ ಬೆಳೀತಾರೆ. ವೀಕೆಂಡು ನಾವು ಆರ್ಡರ್ ಮಾಡೋ ಬೇಬಿ ಕಾರ್ನ್ ಮಂಚೂರಿ ಯಾವ ನೀರು ಕುಡಿದು ಬೆಳೆದದ್ದು ಅಂತ ಮೆನು ಕಾರ್ಡಲ್ಲಿ ಬರೆದಿರಲ್ಲ.

ಎಲ್ಲ ತಪ್ಪನ್ನೂ ಎರಡು ಲೇತು ಇಟ್ಕೊಂಡಿರೋ ಸಣ್ಣ ವರ್ಕ್‌ಶಾಪಿನವರ ತಲೆಗೆ ಕಟ್ಟೋದು ಸುಲಭ. ಒಂದು ಪಾರ್ಟಿಗೆ ಐವತ್ತು ಪೈಸೆ ಕಮ್ಮಿ ಮಾಡು ಅಂತ ಜಗ್ಗಾಡುವವರು ಯಾರು? ಏಸಿ ರೂಮಲ್ಲಿ ಕೂತ ಪರ್ಚೇಸ್‌ನವರು. ಅಂದ್ರೆ ನಾವೇ, ಈ ಪುಸ್ತಕ ಓದ್ತಿರೋ ಜನ. ಉಳಿಸಿದ ಐವತ್ತು ಪೈಸೆಯ ಬಿಲ್ಲು ಬೈರಮಂಗಲಕ್ಕೆ ಹೋಗುತ್ತೆ. ಸಣ್ಣವರು ಒಬ್ಬೊಬ್ಬರೇ ಪ್ಲಾಂಟು ಹಾಕೋಕೆ ಆಗಲ್ಲ. ಕೊಳೆತ ಕೂಲಂಟನ್ನ ಮನೆಮನೆಯ ಕಸದ ಹಾಗೆ ಶೆಡ್ಡಿಂದ ಶೆಡ್ಡಿಗೆ ಹೋಗಿ ಎತ್ತಿ, ಒಂದು ಕಡೆ ಸೋಸಬೇಕು. ಅದರ ಖರ್ಚು ಪಾರ್ಟಿನ ರೇಟಿನಲ್ಲೇ ಸೇರಿರಬೇಕು.

ವೆಂಡರ್ ಆಡಿಟ್‌ಗೆ ಹೋಗೋರಿಗೆ ಒಂದು ಮಾತು. "ಇಟಿಪಿ ಇದೆಯಾ?" ಅಂತ ಕೇಳಿ ಟಿಕ್ ಹಾಕಿ ಬರಬೇಡಿ. ಮೆಂಬ್ರೇನ್ ತೊಳೆದ ದಿನಾಂಕಗಳನ್ನು ಕೇಳಿ. ಪ್ಲಾಂಟಿನ ಕರೆಂಟ್ ಮೀಟರ್ ಓಡಿದೆಯಾ ನೋಡಿ. ಹೋದ ವರ್ಷ ಎಷ್ಟು ಡ್ರಮ್ ಕೂಲಂಟ್ ಕೊಂಡಿರಿ, ಎಷ್ಟು ತ್ಯಾಜ್ಯ ಹೊರಗೆ ಕೊಟ್ಟಿರಿ, ಎರಡೂ ರಸೀದಿ ಪಕ್ಕಪಕ್ಕ ಇಡಿಸಿ. ಜಾಬ್‌ಗೆ ಅಂಟಿಕೊಂಡು ಹೋದದ್ದು, ಹಾರಿಹೋದದ್ದು ಕಳೆದ ಮೇಲೂ ಲೆಕ್ಕ ತಾಳೆಯಾಗದಿದ್ದರೆ, ಉಳಿದದ್ದು ಎಲ್ಲಿಗೆ ಹೋಯ್ತು ಅಂತ ಕೇಳಿ.

ಇಷ್ಟೆಲ್ಲ ಬೋಧನೆ ಮಾಡೋ ನಾನೇನು ಸಾಚಾ ಅಲ್ಲ. ಆ ಪ್ಲಾಂಟಿನ ಲಾಗ್‌ಬುಕ್ಕು ತುಂಬೋದು ಟ್ರೇನಿ ಕೆಲಸವಾಗಿತ್ತು. ಓಡದ ಮೆಷಿನ್ನಿಗೆ ಗಂಟೆಗೆ ಇಷ್ಟು ಲೀಟರ್ ಅಂತ ಹನ್ನೊಂದು ತಿಂಗಳು ಬರೆದೆ. ಅನುಮಾನ ಬರಬಾರದು ಅಂತ ಅಂಕಿ ಒಂಚೂರು ಹೆಚ್ಚುಕಮ್ಮಿ ಮಾಡ್ತಿದ್ದೆ. ಯಾರೂ ಮೀಟರ್ ನೋಡಲಿಲ್ಲ, ಯಾರೂ ರಸೀದಿ ಕೇಳಲಿಲ್ಲ. ಕೇಳಿದ್ದರೆ ಆವತ್ತೇ ಸಿಕ್ಕಿಬೀಳ್ತಿದ್ದೆ. ಮುಂದಿನ ಸಲ ನೀವು ಆಡಿಟ್‌ಗೆ ಹೋದಾಗ ಪುಸ್ತಕ ಹಿಡಿದು ನಿಂತ ಹುಡುಗ ಒಬ್ಬ ಇರ್ತಾನೆ. ದಯವಿಟ್ಟು ಕೇಳಿ.