ಗೋಡೆಯೇರುವ ಬಂಡಿಯೂ ಒಂದು ಲೆಕ್ಕವೂ

ಹಲ್ಲಿ ಗೋಡೆಯನ್ನೇರಿದರೆ ಯಾರಿಗೂ ಸೋಜಿಗವಿಲ್ಲ. ನಾಲ್ಕು ಚಕ್ರದ ಬಂಡಿ ಏರಿದರೆ ಸೋಜಿಗವೇ ಸರಿ. 2015ರಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಡಿಸ್ನಿ ಸಂಶೋಧನಾಲಯದವರೂ ಅಲ್ಲಿಯ ಇ.ಟಿ.ಎಚ್. ವಿಶ್ವವಿದ್ಯಾಲಯದವರೂ ಸೇರಿ ‘ವರ್ಟಿಗೊ’ ಎಂಬ ಇಂಥ ಯಂತ್ರವನ್ನು ನಿರ್ಮಿಸಿದರು. ಅದರ ಎರಡು ಪ್ರೊಪೆಲರುಗಳು ಗಾಳಿಯನ್ನು ಗೋಡೆಯಿಂದಾಚೆಗೆ ತಳ್ಳಿ ಬಂಡಿಯನ್ನು ಗೋಡೆಗೆ ಒತ್ತುತ್ತವೆ. ಅಯಸ್ಕಾಂತವಾದರೆ ಕಬ್ಬಿಣದ ಗೋಡೆ ಬೇಕು. ಗಾಳಿ ಹೀರಿ ಅಂಟಿಕೊಳ್ಳುವ ರಬ್ಬರ್ ಬಟ್ಟಲಾದರೆ ನುಣುಪು ಬೇಕು. ಇದಕ್ಕೆ ಒರಟು ಇಟ್ಟಿಗೆಯೂ ಆದೀತು.

ಇಂಥ ಚಿಕ್ಕ ಬಂಡಿಯನ್ನು ತಾವೂ ಕಟ್ಟಬೇಕೆಂಬ ಹಂಬಲ ವಿದ್ಯಾರ್ಥಿಗಳಿಗೆ ಸಹಜವೇ. ಪ್ರೊಪೆಲರನ್ನು ನೇರವಾಗಿ ಗೋಡೆಗೆ ಒತ್ತುವಂತೆ ಕೂರಿಸುತ್ತಾರೆ, ಬಂಡಿ ಜಾರುತ್ತದೆ. ದೊಡ್ಡ ಮೋಟಾರು ತರುತ್ತಾರೆ. ಅದಕ್ಕೆ ದೊಡ್ಡ ಬ್ಯಾಟರಿ ಬೇಕು. ತೂಕವೇರಿ ಬಂಡಿ ಮತ್ತೆ ಜಾರುತ್ತದೆ. ಅಂಗಡಿಗೆ ಹೋಗುವ ಮೊದಲು ಕಾಗದ ಹಿಡಿಯಬೇಕೆಂಬುದು ನಮ್ಮ ವಾದ.

ಬಂಡಿಯ ತೂಕ 1 ಕಿಲೋಗ್ರಾಂ, ಚಕ್ರಕ್ಕೂ ಗೋಡೆಗೂ ನಡುವಣ ಘರ್ಷಣ ಗುಣಾಂಕ 0.75 ಎಂದಿಟ್ಟುಕೊಳ್ಳೋಣ. ನೇರವಾಗಿ ಒತ್ತಿದರೆ ಭಾರವನ್ನೆಲ್ಲ ಘರ್ಷಣೆಯೇ ಹೊರಬೇಕು; ಆಗ ನೂಕುಬಲ ಸುಮಾರು 1.33 ಕಿಲೋಗ್ರಾಂ ತೂಕದಷ್ಟು ಬೇಕು. ಗೋಡೆಯ ಹಂಗಿಲ್ಲದೆ ಬಂಡಿಯನ್ನು ಬರಿಯ ಗಾಳಿಯಲ್ಲಿ ನಿಲ್ಲಿಸಲು 1 ಕಿಲೋಗ್ರಾಮೇ ಸಾಕು! ಗೋಡೆಯ ನೆರವು ಪಡೆದೂ ಹೆಚ್ಚು ಬಲ ವ್ಯಯಿಸುವುದು ವಿಚಿತ್ರವಲ್ಲವೆ? ಇನ್ನು ನೂಕುಬಲದ ದಿಕ್ಕನ್ನು ಲಂಬರೇಖೆಯಿಂದ ಗೋಡೆಯ ಕಡೆಗೆ ಸುಮಾರು 37 ಡಿಗ್ರಿ ವಾಲಿಸೋಣ. ಈ ಕೋನದ ಟ್ಯಾಂಜೆಂಟು ಘರ್ಷಣ ಗುಣಾಂಕಕ್ಕೆ ಸಮ. ಈಗ 0.8 ಕಿಲೋಗ್ರಾಂ ಸಾಕು. ಮೇಲಕ್ಕೆತ್ತುವ ಪಾಲು 0.64, ಗೋಡೆಗೊತ್ತುವ ಪಾಲು 0.48, ಅದರಿಂದೊದಗುವ ಘರ್ಷಣೆ 0.36, ಎರಡೂ ಕೂಡಿ ಸರಿಯಾಗಿ 1. ಪ್ರೊಪೆಲರ್ ಅದೇ ಇದ್ದರೆ ಅದಕ್ಕೆ ಬೇಕಾದ ಶಕ್ತಿಯು ನೂಕುಬಲಕ್ಕಿಂತ ತೀವ್ರವಾಗಿ, ಅದರ ಒಂದೂವರೆ ಘಾತದಂತೆ, ಏರುತ್ತದೆ. ಆದಕಾರಣ ವಿದ್ಯುತ್ತಿನ ಖರ್ಚು ಮೊದಲಿನದರ ಅರ್ಧಕ್ಕಿಂತಲೂ ಇಳಿಯುತ್ತದೆ.

ಇದು ಜಾರದಿರಲು ಬೇಕಾದ ಕನಿಷ್ಠ ಬಲ ಮಾತ್ರ. ಧೂಳು ಕೂತ ಗೋಡೆಗಾಗಿ ಇನ್ನಷ್ಟು ಕೈಯಲ್ಲಿರಬೇಕು. ಚಕ್ರಗಳು ಮೋಟಾರಿನಿಂದ ತಿರುಗುವಂಥವಾಗಿರಬೇಕೆಂಬುದನ್ನೂ ಮರೆಯಲಾಗದು. ಸುಮ್ಮನೆ ಉರುಳುವ ಚಕ್ರಕ್ಕೆ ಘರ್ಷಣೆಯ ಆಸರೆ ಸಿಕ್ಕದು. ಪ್ರೊಪೆಲರೇ ಪೂರ್ತಿ ಭಾರವನ್ನೆತ್ತಬೇಕಾದೀತು. ಮೊದಲ ಪರೀಕ್ಷೆಗಳಲ್ಲಿ ಬಂಡಿಗೆ ಮೇಲಿನಿಂದ ಹಗ್ಗ ಕಟ್ಟಿರುವುದು, ಬೆರಳುಗಳನ್ನು ಪ್ರೊಪೆಲರಿನಿಂದ ದೂರವಿಡುವುದು ಕ್ಷೇಮ.

ಓರೆಹಲಗೆಯ ಮೇಲೆ ಮರದ ತುಂಡನ್ನು ಜಾರಿಸಿ ಬಲಗಳ ವಿಭಜನೆಯನ್ನು ಕಲಿಸುವ ನಮ್ಮಂಥ ಅಧ್ಯಾಪಕರು ಈ ಬಂಡಿಯನ್ನೂ ಪ್ರಯೋಗಶಾಲೆಗೆ ಬರಮಾಡಿಕೊಳ್ಳಬೇಕು. ತುಂಡು ಜಾರಿದರೆ ಯಾರಿಗೂ ನಷ್ಟವಿಲ್ಲ. ಸ್ವಂತ ಕಾಸಿನಿಂದ ಕಟ್ಟಿದ ಬಂಡಿ ಜಾರಿದಾಗಲೇ ಕೋನದ ಬೆಲೆ ತಿಳಿಯುವುದು. ಹಾಗೆಂದು ಇದನ್ನು ಅತಿಯಾಗಿ ಹೊಗಳಲಾರೆವು. ಹಲ್ಲಿಯು ಗೋಡೆಯ ಮೇಲೆಯೇ ನಿದ್ರಿಸಬಲ್ಲದು. ಈ ಬಂಡಿಗೆ ನಿಂತಲ್ಲಿ ನಿಂತಿದ್ದರೂ ಬ್ಯಾಟರಿ ಕರಗುತ್ತದೆ. ಸೇತುವೆಯ ಕಂಬದ ಬಿರುಕನ್ನು ನೋಡಿ ಕೆಲವು ನಿಮಿಷಗಳಲ್ಲಿ ಇಳಿದುಬರುವ ಕೆಲಸಕ್ಕೆ ಅದು ಸಲ್ಲುತ್ತದೆ, ದಿನವಿಡೀ ಅಲ್ಲಿಯೇ ಅಂಟಿಕೊಂಡಿರತಕ್ಕ ಕೆಲಸಕ್ಕಲ್ಲ.